ವಾಟ್ಸಾಪಲ್ಲಿ ಬಂದ ಸಮನ್ಸ್ ನಿಜವಾ? ಮತಾಂತರ ಕಾಯ್ದೆ ಈಗಲೂ ಇದೆಯಾ?

ಹಿನ್ನೀರಿನವ (ಹೊಸನಗರ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು, ತಿಳಿದವರು ಬೇಗ ಹೇಳಿ.

ನನ್ನ ಗೆಳೆಯ ರಿಪ್ಪನ್‌ಪೇಟೆ ಕಡೆ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಕ್ರೈಸ್ತ ಕುಟುಂಬ, ಅಜ್ಜನ ಕಾಲದಿಂದ ಇಲ್ಲೇ ಇದ್ದಾರೆ. ಭಾನುವಾರ ಅವನ ಮನೆ ಜಗಲಿಯಲ್ಲಿ ನಾಲ್ಕಾರು ಮನೆಯವರು ಸೇರಿ ಪ್ರಾರ್ಥನೆ ಮಾಡುತ್ತಾರೆ. ನಿನ್ನೆ ರಾತ್ರಿ ಅವನ ವಾಟ್ಸಾಪಿಗೆ ಒಂದು ಪಿಡಿಎಫ್ ಬಂದಿದೆ. ಮೇಲೆ ಸಿಂಹದ ಲಾಂಛನ, ಕೆಳಗೆ ಕೋರ್ಟಿನ ಸೀಲು. 'ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ಕಾಯ್ದೆ 2022ರ ಅಡಿ ಪ್ರಕರಣ ದಾಖಲಾಗಿದೆ, 24 ಗಂಟೆಯೊಳಗೆ ಉತ್ತರಿಸಿ, ಇಲ್ಲದಿದ್ದರೆ ವಾರಂಟ್' ಅಂತ ಬರೆದಿದೆ. ಅವನ ಅಮ್ಮ ರಾತ್ರಿಯಿಡೀ ಮಲಗಿಲ್ಲ.

ಕೋರ್ಟು ವಾಟ್ಸಾಪಲ್ಲಿ ಸಮನ್ಸ್ ಕಳಿಸುತ್ತಾ? ಈ ಮತಾಂತರ ನಿಷೇಧ ಕಾಯ್ದೆ ರದ್ದಾಗಿದೆ ಅಂತ ಕೇಳಿದ್ದೆ, ಇನ್ನೂ ಇದೆಯಾ? ಮನೆಯಲ್ಲಿ ಪ್ರಾರ್ಥನೆ ಮಾಡೋದೇ ಅಪರಾಧವಾ?

ತುಂಗಾ ತೀರ
ಮೊದಲು ಇದನ್ನು ಹೇಳಿ. ಆಮೇಲೆ ಫೋನ್ ಏನಾದರೂ ಬಂತಾ?

ಹಿನ್ನೀರಿನವ
ಬಂತು, ಇವತ್ತು ಬೆಳಗ್ಗೆ. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. 'ಲೋಕಲ್ ಪೊಲೀಸರಿಗೆ ಹೇಳಬೇಡ, ವೆರಿಫಿಕೇಶನ್ ಫೀಸ್ ಹಾಕಿದರೆ ಹೆಸರು ತೆಗೆಸುತ್ತೇನೆ' ಅಂದನಂತೆ. ಹಣ ಇನ್ನೂ ಹಾಕಿಲ್ಲ.

ಕಾನುಮನೆ
ಅಲ್ಲಿಗೆ ಗೊತ್ತಾಯ್ತಲ್ಲ. ಪಕ್ಕಾ ವಂಚಕರು. ಯಾವ ಕೋರ್ಟೂ ಫೋನ್ ಮಾಡಿ ಹಣ ಕೇಳಲ್ಲ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಲಿ. ಆ ನಂಬರ್ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲಿ.

ಭದ್ರಾವತಿಯವ
ಕಾಯ್ದೆಯೇ ಇಲ್ಲದ ಮೇಲೆ ಕೇಸ್ ಎಲ್ಲಿಂದ ಬರುತ್ತೆ? 2023ರಲ್ಲೇ ರದ್ದಾಯ್ತು. ಟಿವಿಯಲ್ಲಿ ಇಡೀ ದಿನ ಅದೇ ಸುದ್ದಿ ಇತ್ತು.

ಸಾಗರದ ವಕೀಲೆ
@ಭದ್ರಾವತಿಯವ, ಅದು ಬಹಳ ಜನ ನಂಬಿರೋ ವಿಷಯ, ಆದರೆ ಹಾಗಲ್ಲ. 2023ರ ಜೂನ್ 15ರಂದು ಸಚಿವ ಸಂಪುಟ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿತು. ಕಾನೂನು ಸಚಿವ ಎಚ್.ಕೆ. ಪಾಟೀಲರು ಅದನ್ನು ಪ್ರಕಟಿಸಿದರು. ನೀವು ಟಿವಿಯಲ್ಲಿ ನೋಡಿದ್ದು ಅದನ್ನೇ. ಸಂಪುಟ ತೀರ್ಮಾನ ಮಾಡಿದ ಮಾತ್ರಕ್ಕೆ ಕಾಯ್ದೆ ಹೋಗಲ್ಲ. ರದ್ದು ಮಾಡುವ ಮಸೂದೆ ವಿಧಾನಸಭೆ, ವಿಧಾನ ಪರಿಷತ್ತು ಎರಡರಲ್ಲೂ ಪಾಸಾಗಿ ರಾಜ್ಯಪಾಲರ ಅಂಕಿತ ಬೀಳಬೇಕು. 2025ರ ಜುಲೈಯಲ್ಲಿ ಹೈಕೋರ್ಟ್ ಜಮಖಂಡಿ ಕಡೆಯ ಒಂದು ಎಫ್‌ಐಆರ್ ರದ್ದು ಮಾಡಿತು. ಆ ಎಫ್‌ಐಆರ್ ದಾಖಲಾಗಿದ್ದು ಇದೇ ಕಾಯ್ದೆಯಡಿ, ಅದೂ 2025ರಲ್ಲಿ. ಸಂಪುಟದ ತೀರ್ಮಾನವಾಗಿ ಸುಮಾರು ಎರಡು ವರ್ಷ ಆದ ಮೇಲೂ ಪೊಲೀಸರು ಅದನ್ನು ಬಳಸುತ್ತಿದ್ದರು.

ಈಗ ಸಮನ್ಸ್ ವಿಷಯ. ಜನ ಎಲ್ಲ ಕಾಗದಕ್ಕೂ 'ಕೋರ್ಟ್ ನೋಟಿಸ್' ಅಂತಾರೆ. ಮೂರು ಬೇರೆ ಬೇರೆ ಕಾಗದಗಳಿವೆ. ವಕೀಲರು ಕಕ್ಷಿದಾರನ ಪರವಾಗಿ ಕಳಿಸೋದು ಲೀಗಲ್ ನೋಟಿಸ್, ಅದರ ಹಿಂದೆ ಕೋರ್ಟ್ ಇಲ್ಲ. ಪೊಲೀಸರು ತನಿಖೆಗೆ ಬಾ ಅಂತ ಕೊಡೋದು ಪೊಲೀಸ್ ನೋಟಿಸ್. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 41ಎ. ನ್ಯಾಯಾಲಯ ಸೀಲು ಹಾಕಿ ಕಳಿಸೋದು ಮಾತ್ರ ಸಮನ್ಸ್.

ಪೊಲೀಸ್ ನೋಟಿಸನ್ನು ವಾಟ್ಸಾಪಲ್ಲಿ ಕಳಿಸುವಂತಿಲ್ಲ, ಕೈಗೇ ಮುಟ್ಟಿಸಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದಕ್ಕೆ ಹೋಗದಿದ್ದರೆ ಬಂಧಿಸಬಹುದು, ಅಂಥ ಕಾಗದ ಸಿಕ್ಕಿತೋ ಇಲ್ಲವೋ ಅನ್ನೋದರಲ್ಲಿ ಅನುಮಾನ ಉಳಿಯಬಾರದು. ಕೋರ್ಟಿನ ಸಮನ್ಸ್ ಲೆಕ್ಕ ಬೇರೆ. 2024ರ ಜುಲೈ 1ರಿಂದ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 63, 64ನೇ ಕಲಂ ಪ್ರಕಾರ ನ್ಯಾಯಾಲಯದ ಮುದ್ರೆಯ ಚಿತ್ರ ಅಥವಾ ಡಿಜಿಟಲ್ ಸಹಿ ಇರುವ ಸಮನ್ಸನ್ನು ವಿದ್ಯುನ್ಮಾನ ರೂಪದಲ್ಲೂ ಕಳಿಸಬಹುದು. ಯಾವ ರೀತಿ ಕಳಿಸಬೇಕು ಅನ್ನೋದನ್ನು ರಾಜ್ಯ ಸರ್ಕಾರ ನಿಯಮ ಮಾಡಿ ಹೇಳಬೇಕು. ಹಾಗಾಗಿ 'ಮೊಬೈಲಿಗೆ ಬಂದಿದ್ದೆಲ್ಲ ಸುಳ್ಳು' ಅಂತ ಕಣ್ಣು ಮುಚ್ಚಿ ಅಳಿಸಿ ಹಾಕಬೇಡಿ.

ಪರೀಕ್ಷೆ ಮಾಡೋದು ಸುಲಭ. ಅಸಲಿ ಸಮನ್ಸಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಹಾಜರಾಗಬೇಕಾದ ತಾರೀಖು ಇರುತ್ತೆ. ಸಾಮಾನ್ಯವಾಗಿ ಸಿಎನ್ಆರ್ ಸಂಖ್ಯೆಯೂ ಸಿಗುತ್ತೆ. ಅದು ಪ್ರತಿ ಕೇಸಿಗೂ ಬೇರೆ ಬೇರೆ ಕೊಡುವ ಗುರುತು, ಅಕ್ಷರ ಅಂಕಿ ಸೇರಿ ಒಟ್ಟು 16. ನಮ್ಮ ರಾಜ್ಯದ್ದು 'ಕೆಎ' ಅಂತ ಶುರುವಾಗುತ್ತೆ, ಕೊನೆಯ ನಾಲ್ಕು ಅಂಕಿ ಕೇಸ್ ಹಾಕಿದ ವರ್ಷ. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಆ್ಯಪಲ್ಲಿ ಹಾಕಿ ನೋಡಿ. ಇನ್ನೊಂದು ಮಾತು, ಸಮನ್ಸ್ ನಿಮ್ಮನ್ನು ಒಂದು ದಿನ, ಒಂದು ಹೊತ್ತಿಗೆ ಕೋರ್ಟಿಗೆ ಬಾ ಅನ್ನುತ್ತೆ. '24 ಗಂಟೆಯೊಳಗೆ ಉತ್ತರಿಸು' ಅನ್ನಲ್ಲ.

ಹಿನ್ನೀರಿನವ
ಮೇಡಂ, ಬಹಳ ಉಪಕಾರ ಆಯ್ತು. ಪಿಡಿಎಫಲ್ಲಿ ಕೇಸ್ ನಂಬರೂ ಇಲ್ಲ, ತಾರೀಖೂ ಇಲ್ಲ. ಅವನಿಗೆ ಈಗಲೇ ಹೇಳುತ್ತೇನೆ.

ಗಾಜನೂರು ಗಾಳಿ
ಇವರಿಗೆ ಅವನು ಪ್ರಾರ್ಥನೆ ಮಾಡುತ್ತಾನೆ ಅಂತ ಹೇಗೆ ಗೊತ್ತಾಯ್ತು? ಫೇಸ್‌ಬುಕ್ಕಲ್ಲಿ ಫೋಟೋ ಹಾಕಿದ್ದನಾ? ಎಲ್ಲಿ ಹೆದರುತ್ತಾರೋ ಅಲ್ಲೇ ಕೈ ಹಾಕುತ್ತಾರೆ ಈ ಜನ. ಮುದುಕರಿಗೆ ಪಿಂಚಣಿ ಹೆಸರಲ್ಲಿ, ಕ್ರೈಸ್ತರಿಗೆ ಮತಾಂತರ ಕಾಯ್ದೆ ಹೆಸರಲ್ಲಿ. ಸಿಟ್ಟು ಬರುತ್ತೆ ಮಾರಾಯ್ರೇ.

ಭದ್ರಾವತಿಯವ
ವಕೀಲರು ಹೇಳಿದ್ದು ಸರಿ ಇರಬಹುದು. ಆದರೆ ರದ್ದು ಅಂತ ಘೋಷಿಸಿ ಆಮೇಲೆ ಹಾಗೇ ಬಿಟ್ಟರೆ ಜನ ಏನು ತಿಳಿಯಬೇಕು? ಪರ ಇರುವವರಿಗೂ ಗೊಂದಲ, ವಿರೋಧ ಇರುವವರಿಗೂ ಗೊಂದಲ. ಆ ಗೊಂದಲವೇ ಈ ವಂಚಕರಿಗೆ ಬಂಡವಾಳ.

ತೀರ್ಥಹಳ್ಳಿ ಹುಡುಗ
ಈ ಕಾಯ್ದೆ ತಂದವರು ನಮ್ಮ ತಾಲ್ಲೂಕಿನವರೇ, ಆಗ ಗೃಹ ಸಚಿವರಾಗಿದ್ದ ಆರಗ ಜ್ಞಾನೇಂದ್ರ. 2021ರ ಡಿಸೆಂಬರಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಪಾಸ್ ಮಾಡಿತು. ಪರಿಷತ್ತಲ್ಲಿ ಆಗ ಬಹುಮತ ಇರಲಿಲ್ಲ, ಅದಕ್ಕೆ 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದರು. ಸೆಪ್ಟೆಂಬರಲ್ಲಿ ಎರಡೂ ಸದನ ಒಪ್ಪಿತು.

ನಾನು ಈ ಕಾಯ್ದೆ ಬೇಕು ಅನ್ನುವವನು. ಯಾಕೆ ಅಂತ ಹೇಳುತ್ತೇನೆ. ನಮ್ಮ ಕೇರಿಯಲ್ಲಿ ಒಬ್ಬ ಅಜ್ಜಿಗೆ ಕಾಲು ಊತ, ಸಕ್ಕರೆ ಕಾಯಿಲೆ. ಯಾರೋ ಬಂದು ಮಾತ್ರೆ ಬಿಡು, ಪ್ರಾರ್ಥನೆಯಿಂದ ವಾಸಿ ಆಗುತ್ತೆ ಅಂದರು. ಆಕೆ ಮಾತ್ರೆ ಬಿಟ್ಟರು. ಮಗ ಒಪ್ಪಲಿಲ್ಲ, ಸೊಸೆ ಒಪ್ಪಿದಳು, ಮನೆ ಎರಡಾಯ್ತು. ಅಜ್ಜಿಯ ಕಾಲು ಕೊನೆಗೆ ಕತ್ತರಿಸಬೇಕಾಯ್ತು. ಆ ಮಗ ಯಾರ ಹತ್ತಿರ ಹೋಗಬೇಕಿತ್ತು? ಕಾಯ್ದೆಯೇ ಬೇಡ ಅನ್ನುವವರು ಇದಕ್ಕೆ ಉತ್ತರ ಕೊಡಲಿ.

ಕೊಪ್ಪದ ಟೀಚರ್
@ತೀರ್ಥಹಳ್ಳಿ ಹುಡುಗ, ನಿಮ್ಮ ನೋವು ನನಗೆ ಅರ್ಥವಾಗುತ್ತೆ. ಮಾತ್ರೆ ಬಿಡು ಅಂದವನನ್ನು ಹಿಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮೋಸ. ಮೋಸ ಯಾವ ದೇವರ ಹೆಸರಲ್ಲಿ ಮಾಡಿದರೂ ಮೋಸವೇ. ನನ್ನ ತಕರಾರು ಇರೋದು ಕಾಯ್ದೆಯ ಇನ್ನೊಂದು ಭಾಗದ ಬಗ್ಗೆ. ಯಾರ ಮಾತೂ ಕೇಳದೆ, ತನ್ನಷ್ಟಕ್ಕೆ ಯೋಚಿಸಿ ಒಬ್ಬಳು ವಯಸ್ಕ ಹೆಣ್ಣುಮಗಳು ಬೇರೆ ಧರ್ಮಕ್ಕೆ ಹೋಗಬೇಕು ಅಂದುಕೊಂಡರೆ ಏನು ಮಾಡಬೇಕು ಗೊತ್ತಾ? 30 ದಿನ ಮುಂಚೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಮತಾಂತರ ಮಾಡಿಸುವವರೂ ಬೇರೆ ಅರ್ಜಿ ಕೊಡಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿ, ತಹಶೀಲ್ದಾರ್ ಕಚೇರಿ ಎರಡೂ ಕಡೆ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಆದ ಮೇಲೆ ಇನ್ನೊಂದು ಘೋಷಣೆ. ಪಹಣಿಗೆ ಬಂದವರು, ಪಿಂಚಣಿಗೆ ಬಂದವರು, ಊರಿನವರೆಲ್ಲ ನಿಂತು ಓದುವ ಜಾಗ ಅದು.

ಶರಾವತಿ ಕಣಿವೆ
ನಮ್ಮಲ್ಲಿ ತಹಶೀಲ್ದಾರ್ ಕಚೇರಿ ಬೋರ್ಡಿಗೆ ಬಿದ್ದ ಸುದ್ದಿ ಸಂಜೆ ಬಸ್ಸಿಗಿಂತ ಮುಂಚೆ ಊರು ಸೇರುತ್ತೆ.

ತೀರ್ಥಹಳ್ಳಿ ಹುಡುಗ
ಗುಟ್ಟಾಗಿ ನಡೆಯಬಾರದು ಅಂತಲೇ ಆ ನಿಯಮ. ಸ್ವಂತ ಇಚ್ಛೆಯಿಂದ ಹೋಗುವವರಿಗೆ ಭಯ ಯಾಕೆ? ಆಸೆ ತೋರಿಸಿ ಕರೆದುಕೊಂಡು ಹೋದವರು ಮಾತ್ರ ತಾನೇ ಹೆದರಬೇಕು?

ಕೊಪ್ಪದ ಟೀಚರ್
ಭಯ ಸರ್ಕಾರದ್ದಲ್ಲ, ಊರಿನದು. ಜಾತಿ ಬಿಟ್ಟು ಮದುವೆಯಾದವರಿಗೇ ಬಾವಿ ನೀರು ನಿಲ್ಲಿಸಿದ ಊರುಗಳಿವೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಲು ಅರ್ಜಿ ಹಾಕಿದಳು. 1954ರ ಆ ಕಾಯ್ದೆಯಲ್ಲೂ 30 ದಿನದ ನೋಟಿಸ್ ಬೋರ್ಡ್ ಇದೆ. ಅರ್ಜಿ ಬೋರ್ಡಿಗೆ ಬಿದ್ದ ವಾರದಲ್ಲಿ ಆಕೆಯ ಸೋದರಮಾವ ಕಾಲೇಜಿನ ಗೇಟಲ್ಲಿ ನಿಂತಿದ್ದರು. ಮದುವೆ ಆಯ್ತು, ಆದರೆ ತವರಿಗೆ ಇವತ್ತಿಗೂ ಹೋಗಲಾಗಿಲ್ಲ.

ಸಾಗರದ ವಕೀಲೆ
ಇಬ್ಬರೂ ಕೇಳಿದ್ದಕ್ಕೆ ಕೋರ್ಟುಗಳು ಏನು ಹೇಳಿವೆ ಅಂತ ಹೇಳುತ್ತೇನೆ.

ರಾಜ್ಯಗಳು ಇಂಥ ಕಾಯ್ದೆ ಮಾಡಬಹುದಾ ಅನ್ನೋ ಪ್ರಶ್ನೆ ಹಳೆಯದು. ಒಡಿಶಾ 1967ರಲ್ಲಿ, ಮಧ್ಯಪ್ರದೇಶ 1968ರಲ್ಲಿ ಮಾಡಿದವು. 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವೆರಡನ್ನೂ ಎತ್ತಿಹಿಡಿಯಿತು. ಸಂವಿಧಾನದ 25ನೇ ವಿಧಿಯಲ್ಲಿ ಧರ್ಮ ಪ್ರಚಾರದ ಹಕ್ಕಿದೆ, ಆದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅಂತ ಹೇಳಿತು. ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿದೆ, ಆದ್ದರಿಂದ ರಾಜ್ಯಕ್ಕೆ ಅಧಿಕಾರ ಇದೆ ಅಂತಲೂ ಹೇಳಿತು. ಇದು ತೀರ್ಥಹಳ್ಳಿಯವರ ಕಡೆ.

ಟೀಚರ್ ಕಡೆಗೂ ತೀರ್ಪುಗಳಿವೆ. ಹಿಮಾಚಲ ಹೈಕೋರ್ಟ್ 2012ರಲ್ಲಿ ಅಲ್ಲಿನ ಕಾಯ್ದೆಯ 30 ದಿನದ ಮುನ್ಸೂಚನೆ ನಿಯಮವನ್ನು ರದ್ದು ಮಾಡಿತು. ತನ್ನ ನಂಬಿಕೆಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ವ್ಯಕ್ತಿಗೆ ಇದೆ ಅನ್ನೋ ಆಧಾರದ ಮೇಲೆ. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸ್ ಹಾಕಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಸ್ಟಾನಿಸ್ಲಾಸ್ ತೀರ್ಪು ಇದಕ್ಕೆ 40 ವರ್ಷ ಹಿಂದಿನದು.

ನನ್ನ ಸ್ವಂತ ಅಭಿಪ್ರಾಯ ಹೇಳಬೇಕಾದರೆ, ಬಲವಂತ, ಮೋಸಕ್ಕೆ ಶಿಕ್ಷೆ ಇರಲಿ. ನೋಟಿಸ್ ಬೋರ್ಡ್ ಬೇಡ. ನನ್ನ ಕೆಲಸದಲ್ಲಿ ನಾನು ದಿನಾ ನೋಡೋದು ಏನೆಂದರೆ, ಮನೆ ಬಾಗಿಲಿಗೆ ಬರಲೇಬೇಕಾದ ಕೋರ್ಟ್ ಕಾಗದ ಬರಲ್ಲ. ಮನೆಯೊಳಗೇ ಇರಬೇಕಾದ ವಿಷಯ ಕಚೇರಿ ಗೋಡೆ ಮೇಲೆ ನೇತಾಡುತ್ತೆ. ಎರಡೂ ಸರ್ಕಾರದ ಕಾಗದಗಳೇ. ಇದು ತಿರುಗಾಮುರುಗಾ ಆಗಬೇಕು.

ಕೊನೆಗಾರ
ಮೇಡಂ ಹೇಳಿದ ಮೊದಲನೇ ಮಾತು ನಮ್ಮ ದೊಡ್ಡಪ್ಪನಿಗೆ ಆಗಿದೆ. ವಿಷಯ ಬೇರೆ, ಆದರೂ ಇಲ್ಲೇ ಕೇಳುತ್ತೇನೆ.

ಆಸ್ತಿ ಪಾಲಿನ ದಾವೆ. ದಾಯಾದಿಗಳು ಹಾಕಿದ್ದು. ದೊಡ್ಡಪ್ಪನಿಗೆ ಸಮನ್ಸ್ ಬಂದೇ ಇಲ್ಲ. ಕೇಸ್ ಏಕಪಕ್ಷೀಯವಾಗಿ, ಅಂದರೆ ದೊಡ್ಡಪ್ಪನ ಮಾತು ಕೇಳದೆಯೇ, ಮುಗಿದುಹೋಗಿದೆ. ಪಹಣಿ ತೆಗೆಸಲು ಹೋದಾಗ ಗೊತ್ತಾಯ್ತು. ಕಡತ ತೆಗೆಸಿ ನೋಡಿದರೆ 'ಮನೆಗೆ ಬೀಗ ಹಾಕಿದ್ದು, ಬಾಗಿಲಿಗೆ ಅಂಟಿಸಲಾಗಿದೆ' ಅಂತ ಷರಾ. ನಮ್ಮ ದೊಡ್ಡಪ್ಪನ ಮನೆಗೆ ಬೀಗವೇ ಇಲ್ಲ, ಚಿಲಕ ಮಾತ್ರ. ಅಡಿಕೆ ಕೊನೆ ಕೊಯ್ಯುವ ಕಾಲ, ಎಲ್ಲರೂ ತೋಟದಲ್ಲಿ ಇದ್ದಿರಬೇಕು. ಏನಾದರೂ ದಾರಿ ಇದೆಯಾ?

ನಿವೃತ್ತ ಅಮೀನ
ನಾನು ಕೋರ್ಟಲ್ಲಿ ಅಮೀನನಾಗಿ, ಅಂದರೆ ಮನೆಮನೆಗೆ ಸಮನ್ಸ್ ಮುಟ್ಟಿಸುವ ಕೆಲಸ ಮಾಡಿ ನಿವೃತ್ತನಾದವನು. ಕೊನೆಗಾರರು ಹೇಳಿದ್ದು ಓದಿ ಸುಮ್ನೆ ಇರಲಾಗಲಿಲ್ಲ.

ನಮ್ಮ ಮೇಲೆ ಬೈಗುಳ ಜಾಸ್ತಿ, ಕೆಲಸ ಏನು ಅಂತ ಗೊತ್ತಿರೋದು ಕಮ್ಮಿ. ಮಲೆನಾಡಿನ ಹಳ್ಳಿ ಅಂದರೆ ಒಂದು ಕಡೆ ಇರುವ ಊರಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು, ನಡುವೆ ಹಳ್ಳ. ಸಮನ್ಸಲ್ಲಿ ಇರೋದು ಹೆಸರು, ಅಪ್ಪನ ಹೆಸರು, ಗ್ರಾಮ, ಹೋಬಳಿ, ತಾಲ್ಲೂಕು. ಒಂದೇ ಗ್ರಾಮದಲ್ಲಿ ಅದೇ ಹೆಸರಿನವರು ಮೂವರು, ಅಪ್ಪನ ಹೆಸರೂ ಅದೇ. ಕೊನೆ ಬಸ್ಸಲ್ಲಿ ಇಳಿದು, ಅಂಗಡಿಯಲ್ಲಿ ಕೇಳಿದರೆ 'ಮೇಲಿನಮನೆಯವರಾ, ಕೆರೆಕೋಡಿಯವರಾ' ಅಂತ ನಮ್ಮನ್ನೇ ಕೇಳುತ್ತಾರೆ. ಕಾಗದದಲ್ಲಿ ಮನೆ ಹೆಸರೇ ಇರಲ್ಲ. ದಾವೆ ಹಾಕುವವರು ಬರೆಸಲ್ಲ. ಕೆಲವರು ಬೇಕಂತಲೇ ಬರೆಸಲ್ಲ.

ಮನೆ ಸಿಕ್ಕಿತು ಅನ್ನಿ. ಉಣುಗೋಲು ಸರಿಸಿ ಒಳಗೆ ಹೋದರೆ ನಾಯಿ. ಕೂಗಿದರೆ ಉತ್ತರ ಇಲ್ಲ. ನಿಯಮ ಏನು ಹೇಳುತ್ತೆ? ಒಂದು ಸಲ ಹೋಗಿ ಅಂಟಿಸಿ ಬರುವಂತಿಲ್ಲ. ಸರಿಯಾಗಿ ಹುಡುಕಬೇಕು, ಸ್ವಲ್ಪ ಹೊತ್ತಿನಲ್ಲಿ ಸಿಗುವ ಹಾಗಿಲ್ಲ ಅಂತ ಖಾತ್ರಿ ಆಗಬೇಕು. ಮನೆಯಲ್ಲಿ ವಯಸ್ಕರು ಇದ್ದರೆ ಅವರ ಕೈಗೆ ಕೊಟ್ಟು ಸಹಿ ಹಾಕಿಸಬೇಕು. ಕೆಲಸದ ಆಳಿಗೆ ಕೊಡುವಂತಿಲ್ಲ. ಯಾರೂ ಇಲ್ಲದಿದ್ದರೆ ಮಾತ್ರ ಹೊರಬಾಗಿಲಿಗೆ ಅಂಟಿಸಬೇಕು. ಮನೆ ತೋರಿಸಿದವರು ಯಾರು, ಯಾರ ಎದುರು ಅಂಟಿಸಿದೆ ಅಂತ ಹೆಸರು, ವಿಳಾಸ ಸಮೇತ ವರದಿ ಬರೆಯಬೇಕು. ಮಳೆಗಾಲದಲ್ಲಿ ಬಾಗಿಲು ಹಸಿ, ಗೋಂದು ಹಿಡಿಯಲ್ಲ. ನಾನು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಚಿಲಕಕ್ಕೆ ದಾರ ಕಟ್ಟುತ್ತಿದ್ದೆ, ಪಕ್ಕದ ಮನೆಯವರ ಸಹಿ ತಗೊಳ್ಳುತ್ತಿದ್ದೆ.

ಎಲ್ಲರೂ ಹಾಗೆ ಮಾಡಲ್ಲ ಅನ್ನೋದೂ ನಿಜ. ಬಸ್ ಸ್ಟ್ಯಾಂಡಲ್ಲೇ ಕೂತು ಷರಾ ಬರೆದವರನ್ನು ನೋಡಿದ್ದೇನೆ. ಕೊನೆಗಾರರೇ, ಆ ವರದಿಯಲ್ಲಿ ಮನೆ ತೋರಿಸಿದವರ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಅದೇ ನಿಮಗೆ ಹಿಡಿ.

ಕೊನೆಗಾರ
ಸಾರ್, ಈಗ ನೋಡಿದೆ. ಯಾರ ಹೆಸರೂ ಇಲ್ಲ. ಸಾಕ್ಷಿ ಸಹಿಯೂ ಇಲ್ಲ. ಎರಡೇ ಸಾಲು.

ಸಾಗರದ ವಕೀಲೆ
ಅಮೀನ ಸಾರ್ ಹೇಳಿದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 15 ಮತ್ತು 17ನೇ ನಿಯಮ. ಕೊನೆಗಾರರೇ, ನಿಮ್ಮ ದೊಡ್ಡಪ್ಪನಿಗೆ 9ನೇ ಆದೇಶದ 13ನೇ ನಿಯಮದಲ್ಲಿ ದಾರಿ ಇದೆ. ಏಕಪಕ್ಷೀಯ ತೀರ್ಪು ರದ್ದು ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ. ಅವಧಿ 30 ದಿನ. ಸಮನ್ಸ್ ಸರಿಯಾಗಿ ಜಾರಿ ಆಗಿರದಿದ್ದರೆ ಆ 30 ದಿನ ತೀರ್ಪಿನ ಬಗ್ಗೆ ಗೊತ್ತಾದ ದಿನದಿಂದ ಶುರು. ಅದಕ್ಕೆ ಪಹಣಿ ತೆಗೆಸಿದ ದಿನದ ರಸೀದಿ ಜೋಪಾನ ಮಾಡಿ.

ಒಂದು ಎಚ್ಚರಿಕೆ. ಜಾರಿಯಲ್ಲಿ ಸಣ್ಣ ಲೋಪ ಇತ್ತು ಅಷ್ಟಕ್ಕೇ ತೀರ್ಪು ರದ್ದಾಗಲ್ಲ. ದೊಡ್ಡಪ್ಪನಿಗೆ ಬೇರೆ ರೀತಿಯಲ್ಲಿ ವಾಯಿದೆ ದಿನ ಗೊತ್ತಿತ್ತು ಅಂತ ಎದುರಾಳಿ ತೋರಿಸಿದರೆ ಅರ್ಜಿ ಬಿದ್ದುಹೋಗುತ್ತೆ. ಊರಲ್ಲಿ ಯಾರ ಹತ್ತಿರವಾದರೂ 'ಕೇಸ್ ಹಾಕಿದ್ದಾರಂತೆ' ಅಂತ ದೊಡ್ಡಪ್ಪ ಹೇಳಿಕೊಂಡಿದ್ದರೆ ವಕೀಲರಿಗೆ ಮುಚ್ಚಿಡದೆ ಹೇಳಿ. ಖರ್ಚಿಗೆ ತೊಂದರೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.

ಶರಾವತಿ ಕಣಿವೆ
ಹಿನ್ನೀರಿನ ಆಚೆ ಇರೋ ನಮಗೆ ಎಷ್ಟು ವಾಯಿದೆ ತಪ್ಪಿವೆ ಅಂತ ಕೇಳಿ. ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಸಾಗರಕ್ಕೆ ಹೋಗೋದೇ ಕಷ್ಟ ಆಗಿತ್ತು. ಮಳೆಗಾಲದಲ್ಲಿ ಕಾಗದವೂ ಆಚೆ ದಡದಲ್ಲೇ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಪರವಾಗಿಲ್ಲ.

ಗಾಜನೂರು ಗಾಳಿ
ಸೇತುವೆ ಆದ ಮೇಲೆ ಟ್ರಾಫಿಕ್ ನೋಡಿದ್ರಾ? ರಜೆ ದಿನ ತುಮರಿ ತನಕ ಕಾರು.

ಶರಾವತಿ ಕಣಿವೆ
ಟ್ರಾಫಿಕ್ ಇರಲಿ ಬಿಡಿ, ರಾತ್ರಿ ಹೆರಿಗೆ ನೋವು ಬಂದರೆ ಈಗ ಆಂಬುಲೆನ್ಸ್ ಬರುತ್ತೆ. ನಾವು ಅರವತ್ತು ವರ್ಷ ಕಾದಿದ್ದು ಅದಕ್ಕೆ.

ಅಂಚೆ ಅಣ್ಣ
ನಾನು ಬ್ರಾಂಚ್ ಪೋಸ್ಟ್ ಆಫೀಸಲ್ಲಿ ಇದ್ದೇನೆ. ಸಮನ್ಸ್ ಅಂಚೆಯಲ್ಲೂ ಬರುತ್ತೆ. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು, ಈಗ ಎಲ್ಲ ಸ್ಪೀಡ್ ಪೋಸ್ಟೇ. ಊರಿನವರಿಗೆ ನಾನು ಹೇಳೋದು ಒಂದೇ, ಕೋರ್ಟ್ ಕವರ್ ಕಂಡ ಕೂಡಲೇ 'ಬೇಡ, ವಾಪಸ್ ಕಳಿಸು' ಅನ್ನಬೇಡಿ. ತಗೊಳ್ಳದಿದ್ದರೆ ಕೇಸ್ ಇಲ್ಲ ಅಂದುಕೊಳ್ಳುತ್ತಾರೆ. ನಾನು 'ನಿರಾಕರಿಸಿದ್ದಾರೆ' ಅಂತ ಬರೆಯಲೇಬೇಕು, ಆಗ ಕೋರ್ಟ್ ಅದನ್ನು ತಲುಪಿದ ಹಾಗೇ ಲೆಕ್ಕ ಹಿಡಿಯುತ್ತೆ.

ಸಾಗರದ ವಕೀಲೆ
ಅಂಚೆ ಅಣ್ಣನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಸಮನ್ಸ್ ತಗೊಂಡರೆ ತಪ್ಪು ಒಪ್ಪಿಕೊಂಡ ಹಾಗಲ್ಲ. ಸಿವಿಲ್ ದಾವೆಯಲ್ಲಿ ತಕರಾರು ಸಲ್ಲಿಸಲು 30 ದಿನ ಇರುತ್ತೆ, ಕೋರ್ಟ್ ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ತಗೊಳ್ಳದೆ ಇದ್ದರೆ ಆ ದಿನಗಳು ಸುಮ್ನೆ ಹೋಗುತ್ತವೆ.

ಆಗುಂಬೆಯ ಅಕ್ಕ
ನನ್ನದೂ ಒಂದು. ನಾವು ಚಿಕ್ಕವರಿದ್ದಾಗ ಅಪ್ಪನ ಹೆಸರಿಗೆ ಕ್ರಿಮಿನಲ್ ಕೇಸಿನ ಸಮನ್ಸ್ ಬಂತು, ಬೇಲಿ ಜಗಳ. ಅಪ್ಪ ಘಟ್ಟದ ಕೆಳಗೆ ಹೋಗಿದ್ದರು. ಅಮ್ಮ ಓದು ಬರಹ ಬಲ್ಲವರು, 'ನನ್ನ ಕೈಗೆ ಕೊಡಿ, ಸಹಿ ಹಾಕುತ್ತೇನೆ' ಅಂದರು. ಬಂದ ಪೇದೆ 'ಗಂಡಸರು ಯಾರೂ ಇಲ್ವಾ' ಅಂತ ಕೇಳಿ, ಕೊನೆಗೆ ಹೈಸ್ಕೂಲಿಂದ ಬರುತ್ತಿದ್ದ ಅಣ್ಣನ ವಯಸ್ಸು ಕೇಳಿದ. ಹದಿನೈದು ಅಂದ ಕೂಡಲೇ ಹೊರಟುಹೋದ. ತೋಟದ ಲೆಕ್ಕ, ಸೊಸೈಟಿ ಸಾಲ, ಮಕ್ಕಳ ಫೀಸು ಎಲ್ಲ ನೋಡಿಕೊಳ್ಳುತ್ತಿದ್ದವರು ಅಮ್ಮ. ಒಂದು ಕಾಗದ ಇಸಿದುಕೊಳ್ಳಲು ಮಾತ್ರ ಅವರು ಲೆಕ್ಕಕ್ಕೆ ಇರಲಿಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ.

ಸಾಗರದ ವಕೀಲೆ
ಅಕ್ಕಾ, ಪೇದೆ ಕಾನೂನಿನಂತೆಯೇ ಮಾಡಿದ್ದು, ಕಾನೂನೇ ಹಾಗಿತ್ತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 64ನೇ ಕಲಂ ಪ್ರಕಾರ ಮನೆಯ ವಯಸ್ಕ ಗಂಡಸಿಗೆ ಮಾತ್ರ ಕೊಡಬಹುದಿತ್ತು. ಸಿವಿಲ್ ಕೇಸಲ್ಲಿ ಹೆಂಗಸರೂ ತಗೊಳ್ಳಬಹುದು ಅಂತ 1976ರಲ್ಲೇ ಬದಲಾಗಿತ್ತು. ಕ್ರಿಮಿನಲಲ್ಲಿ 2024ರ ಜುಲೈ ತನಕ ಕಾಯಬೇಕಾಯ್ತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 66ನೇ ಕಲಂ ಪ್ರಕಾರ ಜೊತೆಗಿರುವ ಯಾವ ವಯಸ್ಕರಾದರೂ ಸಹಿ ಹಾಕಿ ತಗೊಳ್ಳಬಹುದು.

ಆಗುಂಬೆಯ ಅಕ್ಕ
ಅಮ್ಮನಿಗೆ ಓದಿ ಹೇಳುತ್ತೇನೆ. ಎಂಬತ್ತು ದಾಟಿದೆ, ಕಿವಿ ಚೆನ್ನಾಗಿದೆ.

ಕಾನುಮನೆ
ಎಲ್ಲ ಸರಿ, ಆದರೆ ವಾಟ್ಸಾಪ್ ಸಮನ್ಸ್ ಬಗ್ಗೆ ನನಗೆ ಸಮಾಧಾನ ಇಲ್ಲ. ಆಗುಂಬೆ, ನಿಟ್ಟೂರು, ಕಾರ್ಗಲ್ ಒಳಭಾಗ, ಎಲ್ಲಿದೆ ಸಿಗ್ನಲ್? ಮಳೆ ಶುರುವಾದರೆ ಕರೆಂಟ್ ಹೋಗುತ್ತೆ, ಟವರ್ ಬ್ಯಾಟರಿ ಮುಗಿಯುತ್ತೆ. ಗುಡ್ಡದ ತುದಿಗೆ ಹೋಗಿ ಫೋನ್ ಎತ್ತಿ ಹಿಡಿಯಬೇಕು. ಸಿಮ್ ಮಗನ ಹೆಸರಲ್ಲಿ, ಮೊಬೈಲ್ ಮೊಮ್ಮಗನ ಕೈಯಲ್ಲಿ. ಎರಡು ನೀಲಿ ಗೆರೆ ಬಂದರೆ ಅಜ್ಜ ಓದಿದ ಅಂತ ಹೇಗೆ ಹೇಳೋದು?

ಭದ್ರಾವತಿಯವ
ಪೇಟೆಯವರಿಗೆ ಅನುಕೂಲ ಅಲ್ವಾ? ವರ್ಷಗಟ್ಟಲೆ 'ಸಮನ್ಸ್ ಜಾರಿ ಆಗಿಲ್ಲ' ಅಂತಲೇ ಕೇಸ್ ಮುಂದೆ ಹೋಗುತ್ತೆ. ನಮ್ಮ ಚೆಕ್ ಬೌನ್ಸ್ ಕೇಸಲ್ಲಿ ಆತ ಎದುರಿನ ರಸ್ತೆಯಲ್ಲೇ ಓಡಾಡುತ್ತಾನೆ, ಸಮನ್ಸ್ ಮಾತ್ರ ಸಿಗಲ್ಲ. ಬೇಗ ಜಾರಿ ಆಗೋದೂ ನ್ಯಾಯವೇ.

ಸಾಗರದ ವಕೀಲೆ
ಇಬ್ಬರೂ ಸರಿ. ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ ಎರಡೂ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ, ರಾಜ್ಯ ಇಬ್ಬರೂ ಕಾನೂನು ಮಾಡಬಹುದು. ಕೇಂದ್ರದ ಕಾಯ್ದೆ ಇದ್ದರೂ ರಾಜ್ಯ ರಾಷ್ಟ್ರಪತಿ ಅಂಕಿತ ಪಡೆದು ತಿದ್ದುಪಡಿ ಮಾಡಬಹುದು. ಸಿವಿಲ್ ಕೇಸಿಗೆ ಹೈಕೋರ್ಟೇ ನಿಯಮ ಮಾಡಬಹುದು. ಹಾಗಾಗಿ ಕರ್ನಾಟಕ ತನ್ನ ನಿಯಮದಲ್ಲಿ ಮಲೆನಾಡನ್ನು ನೆನಪಿಟ್ಟುಕೊಳ್ಳಲಿ. ಮೊಬೈಲಿಗೆ ಕಳಿಸಲಿ, ಅದರ ಜೊತೆಗೆ ಕಾಗದವೂ ಹೋಗಲಿ. ಬರೀ ನೀಲಿ ಗೆರೆ ನೋಡಿ ಏಕಪಕ್ಷೀಯ ತೀರ್ಪು ಕೊಡಬಾರದು ಅಂತ ಸ್ಪಷ್ಟವಾಗಿ ಬರೆಯಲಿ. ಅಮೀನರು ಹೋದ ಜಾಗ ಜಿಪಿಎಸಲ್ಲಿ ದಾಖಲಾಗುವ ಎನ್‌ಸ್ಟೆಪ್ ಆ್ಯಪ್ ಇ-ಕೋರ್ಟ್ಸ್ ಯೋಜನೆಯಲ್ಲಿ ಇದೆ. ಅದನ್ನು ಸರಿಯಾಗಿ ಬಳಸಿದರೆ ಬಸ್ ಸ್ಟ್ಯಾಂಡ್ ಷರಾ ನಿಲ್ಲುತ್ತೆ.

ತೀರ್ಥಹಳ್ಳಿ ಹುಡುಗ
ಮತ್ತೆ ನನ್ನ ವಿಷಯಕ್ಕೆ. ಜಮಖಂಡಿ ಕೇಸ್ ಯಾಕೆ ರದ್ದಾಯ್ತು ಮೇಡಂ?

ಸಾಗರದ ವಕೀಲೆ
ಆ ಪ್ರಕರಣದಲ್ಲಿ ದೇವಸ್ಥಾನದ ಬಳಿ ಇಸ್ಲಾಂ ಬಗ್ಗೆ ಕರಪತ್ರ ಹಂಚಿದ್ದರು. ದೂರು ಕೊಟ್ಟವರು ಮೂರನೆಯವರು. ಕಾಯ್ದೆಯ 4ನೇ ಕಲಂ ಪ್ರಕಾರ ದೂರು ಕೊಡಬಹುದಾದವರು ಮತಾಂತರಗೊಂಡ ವ್ಯಕ್ತಿ, ತಂದೆ ತಾಯಿ, ಒಡಹುಟ್ಟಿದವರು, ರಕ್ತ, ಮದುವೆ ಅಥವಾ ದತ್ತು ಸಂಬಂಧಿಕರು, ಒಡನಾಟ ಇರುವವರು, ಸಹೋದ್ಯೋಗಿ. ಇಲ್ಲಿ ಯಾರೂ ಮತಾಂತರವೇ ಆಗಿರಲಿಲ್ಲ. ನಿಮ್ಮ ಕೇರಿಯ ಅಜ್ಜಿಯ ಮಗ ರಕ್ತ ಸಂಬಂಧಿ, ಆತ ದೂರು ಕೊಡಬಹುದಿತ್ತು. ಈ ಕಾಯ್ದೆ ಇಲ್ಲದಿದ್ದರೂ ಔಷಧಿ ಬಿಡಿಸಿ ಹಾನಿ ಮಾಡಿದ್ದಕ್ಕೆ ಆತ ಠಾಣೆಗೆ ಹೋಗಬಹುದಿತ್ತು.

ಶಿಕ್ಷೆ ಸಣ್ಣದಲ್ಲ ಅನ್ನೋದೂ ಗೊತ್ತಿರಲಿ. 3ರಿಂದ 5 ವರ್ಷ, 25 ಸಾವಿರ ದಂಡ. ಅಪ್ರಾಪ್ತರು, ಹೆಂಗಸರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. ಜಾಮೀನುರಹಿತ. ಬಲವಂತ ಮಾಡಿಲ್ಲ ಅಂತ ಆರೋಪಿಯೇ ಸಾಬೀತು ಮಾಡಬೇಕು. ಹಿಂದಿನ ಧರ್ಮಕ್ಕೆ ಮರಳುವವರಿಗೆ ಮಾತ್ರ ಈ ಯಾವುದೂ ಇಲ್ಲ.

ಕೊಪ್ಪದ ಟೀಚರ್
ಆ ಕೊನೆಯ ವಾಕ್ಯ ನೋಡಿ. ಹೋಗುವಾಗ 30 ದಿನ ಬೋರ್ಡ್, ಬರುವಾಗ ಬಾಗಿಲು ತೆರೆದಿದೆ. ಆಸೆ ತೋರಿಸಿ ವಾಪಸ್ ಕರೆತಂದರೆ ಅದು ಆಮಿಷ ಅಲ್ವಾ?

ತೀರ್ಥಹಳ್ಳಿ ಹುಡುಗ
ತನ್ನ ಮನೆಗೆ ಮರಳೋದಕ್ಕೂ ಅರ್ಜಿ ಬೇಕಾ ಟೀಚರ್? ಅದನ್ನು ನಾನು ಒಪ್ಪಲ್ಲ. ಆದರೆ ಬೋರ್ಡಿಗೆ ಹಾಕುವ ಬದಲು ಅಧಿಕಾರಿ ಆ ವ್ಯಕ್ತಿಯನ್ನು ಒಬ್ಬರೇ ಕೂರಿಸಿ 'ನಿನ್ನ ಇಷ್ಟವಾ' ಅಂತ ಕೇಳಿ ಬರೆದುಕೊಂಡರೆ ನನ್ನ ತಕರಾರಿಲ್ಲ.

ಕೊಪ್ಪದ ಟೀಚರ್
ಕೇಳೋದೇ ಯಾಕೆ ಅಂತ ನಾನು ಇನ್ನೂ ಜಗಳ ಆಡುತ್ತೇನೆ. ಆದರೂ ಬೋರ್ಡ್ ಬೇಡ ಅಂದಿರಲ್ಲ, ಸಂತೋಷ.

ತುಂಗಾ ತೀರ
ನಮ್ಮ ಹಣಗೆರೆಕಟ್ಟೆಯಲ್ಲಿ ಒಂದೇ ಸೂರಿನಡಿ ದರ್ಗಾ, ಭೂತರಾಯ, ಚೌಡೇಶ್ವರಿ. ಹರಕೆ ಹೊತ್ತು ಬಂದವರನ್ನು ಯಾರೂ ಯಾವ ಧರ್ಮ ಅಂತ ಕೇಳಲ್ಲ.

ಗಾಜನೂರು ಗಾಳಿ
ಹಣಗೆರೆಯಲ್ಲಿ ಪ್ಲಾಸ್ಟಿಕ್ ಕಸ ಮಾತ್ರ ಯಾರೂ ಎತ್ತಲ್ಲ. ಕಾಡಂಚಿನಲ್ಲಿ ಅಡುಗೆ ಮಾಡಿ ಅಲ್ಲೇ ಬಿಟ್ಟು ಹೋಗುತ್ತಾರೆ. ಅದಕ್ಕೊಂದು ಬೇರೆ ಚರ್ಚೆ ಶುರು ಮಾಡಿ.

ಹಿನ್ನೀರಿನವ
ಎಲ್ಲರಿಗೂ ತಿಳಿಸುತ್ತಿದ್ದೇನೆ. ಗೆಳೆಯನ ಜೊತೆ ಠಾಣೆಗೆ ಹೋಗಿ ಬಂದೆ. ಅವನ ಮೇಲೆ ಯಾವ ಎಫ್‌ಐಆರೂ ಇಲ್ಲ. ಇ-ಕೋರ್ಟ್ಸಲ್ಲಿ ಹೆಸರು ಹಾಕಿ ಹುಡುಕಿದೆವು, ಏನೂ ಇಲ್ಲ. 1930ಕ್ಕೆ ದೂರು ಕೊಟ್ಟಾಗಿದೆ. ಠಾಣೆಯವರು ಚೆನ್ನಾಗಿಯೇ ಮಾತಾಡಿಸಿದರು. ಅವನ ಅಮ್ಮ ಇನ್ನೂ ಕೇಳುತ್ತಿದ್ದಾರೆ, ಭಾನುವಾರ ಪ್ರಾರ್ಥನೆ ಮಾಡಬಹುದಾ ಅಂತ. ಅದಕ್ಕೊಂದು ಉತ್ತರ ಬೇಕು ಮೇಡಂ.

ಸಾಗರದ ವಕೀಲೆ
ಧಾರಾಳವಾಗಿ ಮಾಡಲಿ. ಈ ಕಾಯ್ದೆ ತಡೆಯೋದು ಬಲವಂತ, ಮೋಸ, ಆಮಿಷ, ಮದುವೆಯ ಭರವಸೆ ಕೊಟ್ಟು ಮತಾಂತರ ಮಾಡೋದನ್ನು. ತಮ್ಮ ಧರ್ಮದವರು ತಮ್ಮ ಮನೆಯಲ್ಲಿ ಸೇರಿ ಪ್ರಾರ್ಥಿಸೋದು ಮತಾಂತರ ಅಲ್ಲ, ಅದು 25ನೇ ವಿಧಿ ಕೊಟ್ಟ ಹಕ್ಕು. ಯಾರಾದರೂ ಬಂದು ತಡೆದರೆ 112ಕ್ಕೆ ಫೋನ್ ಮಾಡಲಿ. ನನ್ನ ಆಫೀಸಿಗೂ ಬರಬಹುದು, ಫೀಸ್ ಬೇಡ.

ತೀರ್ಥಹಳ್ಳಿ ಹುಡುಗ
ಹಿನ್ನೀರಿನವರೇ, ಕಾಯ್ದೆ ಬೇಕು ಅನ್ನುವ ನಾನೇ ಹೇಳುತ್ತಿದ್ದೇನೆ, ಆ ಅಮ್ಮನಿಗೆ ಹೆದರಬೇಡಿ ಅನ್ನಿ. ರಿಪ್ಪನ್‌ಪೇಟೆಯಲ್ಲಿ ನನಗೂ ನಾಲ್ಕು ಜನ ಗೊತ್ತಿದ್ದಾರೆ. ಯಾರಾದರೂ ತೊಂದರೆ ಕೊಟ್ಟರೆ ಮೆಸೇಜ್ ಮಾಡಿ.

ಕೊನೆಗಾರ
ನಾನೂ ಹೇಳಿಬಿಡುತ್ತೇನೆ. ನಾಳೆ ಸೋಮವಾರ ದೊಡ್ಡಪ್ಪನನ್ನು ಕರೆದುಕೊಂಡು ಕೋರ್ಟಿಗೆ ಹೋಗುತ್ತಿದ್ದೇನೆ, ಆ ವರದಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಲು. ಅಮೀನ ಸಾರ್, ಬೇರೆ ಏನಾದರೂ ತಗೊಂಡು ಹೋಗಬೇಕಾ?

ನಿವೃತ್ತ ಅಮೀನ
ಸಮನ್ಸಿನ ಕಚೇರಿ ಪ್ರತಿ, ಅದರ ಹಿಂಬದಿಯ ಷರಾ, ವರದಿಯ ಜೊತೆಗಿನ ಪ್ರಮಾಣಪತ್ರ, ಮೂರಕ್ಕೂ ನಕಲು ಕೇಳಿ. ಪ್ರಮಾಣಪತ್ರ ಇಲ್ಲದಿದ್ದರೆ ಆ ಅಮೀನರನ್ನು ಕೋರ್ಟ್ ಪ್ರಮಾಣ ಮಾಡಿಸಿ ವಿಚಾರಿಸಬೇಕು, 19ನೇ ನಿಯಮ. ಅದನ್ನು ನಿಮ್ಮ ವಕೀಲರಿಗೆ ನೆನಪು ಮಾಡಿ. ಹೊಸ ಅರ್ಜಿಯಲ್ಲಿ ವಿಳಾಸದ ಜೊತೆ ಮನೆ ಹೆಸರು, ಇಳಿಯುವ ಬಸ್ ಸ್ಟಾಪು, ಎರಡೂ ಬರೆಸಿ.